ಇಪ್ಪತ್ತೈದು ದಿನದ ಸಂಪುಟದ ದಫೇದಾರ

ಉರ್ಬಾನ್ ತೋಯೆ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ತೋಮಾ ಸೀಮೆಯ ಆತನ ಹಳ್ಳಿಯಲ್ಲಿ ಆ ಕಾಲಕ್ಕೆ ಮಕ್ಕಳ ಹುಟ್ಟನ್ನು ಬರೆದಿಡುವವರು ಇರಲಿಲ್ಲ. ತಾಯಿಗೆ ನೆನಪಿದ್ದದ್ದು ಸಜ್ಜೆಯ ತೆನೆ ಮುರಿಯುವ ಹಂಗಾಮು ಎಂಬುದಷ್ಟೆ. ಮುಂದೆ ಶಾಲೆಗೆ ಸೇರಿಸುವಾಗ ಗುಮಾಸ್ತನೊಬ್ಬ ಬಾಯಿ ತೆರೆಸಿ ಹಲ್ಲು ನೋಡಿ, ಒಂದು ವರ್ಷವನ್ನು ಅಂದಾಜು ಮಾಡಿ, ಅದರ ಹಿಂದೆ ‘ಸುಮಾರು’ ಎಂದು ಸೇರಿಸಿದ. ಹೀಗೆ ಸುಮಾರಿಗೆ ಹುಟ್ಟಿದವರೆಲ್ಲರೂ ಸರ್ಕಾರದ ದೃಷ್ಟಿಯಲ್ಲಿ ಡಿಸೆಂಬರ್ ಮೂವತ್ತೊಂದರಂದು ಹುಟ್ಟಿದವರು. ಅವರೆಲ್ಲ ನಿವೃತ್ತರಾಗುವುದೂ ಅದೇ ದಿನ. ತನ್ನ ಹುಟ್ಟಿಗಿಲ್ಲದ ಖಚಿತತೆಯನ್ನು ತೋಯೆ ಬದುಕಿನ ಉಳಿದೆಲ್ಲಕ್ಕೂ ತಂದುಕೊಂಡಿದ್ದ.

ರಾಜಧಾನಿ ವಾಗಡೂಗುವಿನ ಮಂತ್ರಿಪರಿಷತ್ತಿನ ಸಭಾಂಗಣಕ್ಕೆ ಆತ ದಫೇದಾರನಾಗಿ ಸೇರಿದ್ದು ಒಂದು ಜನವರಿ ಎರಡರಂದು, ಬೆಳಗ್ಗೆ ಏಳು ಗಂಟೆಗೆ. ಈ ಕಥೆ ನಡೆದ ವರ್ಷದ ಡಿಸೆಂಬರ್ ಮೂವತ್ತೊಂದಕ್ಕೆ ಆತನ ಸೇವೆ ಮೂವತ್ತೊಂದು ವರ್ಷಕ್ಕೆ ಸರಿಯಾಗಿ ಒಂದು ದಿನ ಕಡಮೆಯಾಗುತ್ತಿತ್ತು. ಕಪ್ಪು ಕೋಟು, ಬಿಳಿಯ ಕೈಗವಸು, ಕೊರಳಿಗೆ ಹಿತ್ತಾಳೆಯ ಸರಪಳಿ. ಪ್ರತಿ ಬುಧವಾರ ಬೆಳಗ್ಗೆ ಮೇಜಿನ ಸುತ್ತ ಮಂತ್ರಿಗಳ ನಾಮಫಲಕಗಳನ್ನು ಅವರವರ ಹಿರಿತನದ ಕ್ರಮದಲ್ಲಿ ಇಡುವುದು, ಪ್ರತಿ ಫಲಕದ ಮುಂದೆ ಆ ದಿನದ ಕಾರ್ಯಸೂಚಿ ಇಡುವುದು, ಒಂಬತ್ತಕ್ಕೆ ಬಾಗಿಲು ತೆರೆಯುವುದು, ಎಲ್ಲರೂ ಕುಳಿತ ಮೇಲೆ ಮುಚ್ಚಿ ಹೊರಗೆ ನಿಲ್ಲುವುದು. ಇಷ್ಟು ವರ್ಷಗಳಲ್ಲಿ ಆ ಬಾಗಿಲಲ್ಲಿ ಆತ ಆಡಿದ್ದು ಎರಡೇ ಮಾತು: ‘ನಮಸ್ಕಾರ, ಮಂತ್ರಿಗಳೇ’, ‘ದಯವಿಟ್ಟು ಒಳಗೆ ಬನ್ನಿ’.

ಅದಕ್ಕೆ ಕಾರಣವಿತ್ತು. ತೋಯೆ ಸಾಮೊ ಜನದವನು. ರಾಜಧಾನಿಯಲ್ಲಿ ಹೆಚ್ಚಿನವರು ಮೊಸ್ಸಿ ಜನ. ಈ ಎರಡು ಜನಕ್ಕೂ ಅಜ್ಜಂದಿರ ಕಾಲದಿಂದ ನಗೆಯ ನಂಟು. ಮೊಸ್ಸಿಯೊಬ್ಬ ಸಾಮೊನನ್ನು ಕಂಡ ಕೂಡಲೇ ‘ಏ ನನ್ನ ಆಳೇ, ನಾಯಿ ತಿನ್ನೋನೇ’ ಎನ್ನುತ್ತಾನೆ. ಸಾಮೊ ಅವನನ್ನೇ ತನ್ನ ಆಳೆಂದೂ ಕತ್ತೆ ತಿನ್ನುವವನೆಂದೂ ತಿರುಗಿ ಕರೆಯುತ್ತಾನೆ. ಸಂತೆಯಲ್ಲಿ, ಬಸ್ಸಿನಲ್ಲಿ, ಠಾಣೆಯಲ್ಲಿ, ಹೆಣದ ಮುಂದೆ ಕೂಡ. ಮೊಸ್ಸಿಯ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಸಾಮೊಗಳು ಹೋಗಿ ಬಾಗಿಲಿಗೆ ಅಡ್ಡ ಮಲಗಿ ಸುಳ್ಳು ಅಳು ಅಳುತ್ತಾರೆ. ಅವರು ಕೇಳಿದ್ದನ್ನು ಕೊಡದೆ ಶವ ಹೊಸ್ತಿಲು ದಾಟದು. ಮುನಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ತೋಯೆ ಕೆಲಸಕ್ಕೆ ಸೇರಿದ ದಿನ ಆಗಿನ ಶಿಷ್ಟಾಚಾರ ಅಧಿಕಾರಿ ಆತನನ್ನು ಬಾಗಿಲ ಮುಂದೆ ನಿಲ್ಲಿಸಿ ಹೇಳಿದ್ದರು: “ಈ ಹೊಸ್ತಿಲಲ್ಲಿ ಸಾಮೊ ಇಲ್ಲ, ಮೊಸ್ಸಿ ಇಲ್ಲ. ಮಂತ್ರಿಗಳು ಇದಾರೆ, ನೀನಿದೀಯ. ತಿಳೀತಾ?” ತೋಯೆಗೆ ತಿಳಿದಿತ್ತು. ಆ ಅಧಿಕಾರಿ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅವರ ಮಾತು ತೋಯೆಯ ಪಾಲಿಗೆ ಇನ್ನೂ ಸೇವೆಯಲ್ಲಿತ್ತು.

ಆತನ ಹೆಂಡತಿ ಅಪೊಲಿನ್ ಹೆರಿಗೆಯ ದಾದಿ. ‘ಆಗಿದ್ದಳು’ ಎಂದು ಬರೆಯಬೇಕಾದದ್ದು ನಿಯಮ. ಆಕೆ ಮಾತ್ರ ಆ ಕ್ರಿಯಾಪದವನ್ನು ಒಪ್ಪುತ್ತಿರಲಿಲ್ಲ. ಏಳು ವರ್ಷಗಳ ಹಿಂದೆ, ಊರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹದಿನೆಂಟು ದಿನ ನಲ್ಲಿಯಲ್ಲಿ ನೀರು ಬಾರದಿದ್ದಾಗ, ನಲವತ್ತೆರಡು ದಾದಿಯರು ಖಾಲಿ ಬಕೆಟ್ಟುಗಳನ್ನು ಹಿಡಿದು ಮೂರು ದಿನ ಅಂಗಳದಲ್ಲಿ ಕುಳಿತಿದ್ದರು. ನಾಲ್ಕನೆಯ ದಿನ, ಏಪ್ರಿಲ್ ಏಳು, ಸೋಮವಾರ, ನಲವತ್ತೆರಡು ಜನವೂ ಕೆಲಸದಿಂದ ವಜಾ. ಅಂದಿನಿಂದ ಕೇರಿಯಲ್ಲಿ ಯಾರಿಗೆ ನೋವು ಶುರುವಾದರೂ ಅಪೊಲಿನ್ ಬಳಿಗೇ ಬರುತ್ತಿದ್ದರು. ಆಕೆ ಬಸುರಿಯ ಸೊಂಟ ಹಿಡಿದುಕೊಂಡು ಆಸ್ಪತ್ರೆಯ ಗೇಟಿನವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಕೈ ಬಿಟ್ಟು, ಹಿಂದಿರುಗಿ ಬರುತ್ತಿದ್ದಳು. ಗೇಟು ದಾಟುತ್ತಿರಲಿಲ್ಲ. ಬಿಳಿಯ ಕೋಟನ್ನು ಮಾತ್ರ ತಿಂಗಳಿಗೊಮ್ಮೆ ಒಗೆದು, ಇಸ್ತ್ರಿ ಮಾಡಿ, ಪೆಟ್ಟಿಗೆಯಲ್ಲಿ ಮಡಿಸಿಡುತ್ತಿದ್ದಳು.

ನವೆಂಬರ್ ಹನ್ನೆರಡು, ಗುರುವಾರ, ಸಂಜೆ ನಾಲ್ಕೂ ಹತ್ತಕ್ಕೆ, ಒಂಬತ್ತು ದಿನಗಳ ಬೀದಿಯ ಗದ್ದಲದ ತರುವಾಯ, ದೇಶದ ಅಧ್ಯಕ್ಷರು ರಾಜೀನಾಮೆ ಕೊಟ್ಟರೆಂದು ರೇಡಿಯೊ ಹೇಳಿತು. ಮೊಪೆಡ್ಡುಗಳ ಹಾರನ್ನು ನಿಲ್ಲಲು ಎರಡು ದಿನ ಹಿಡಿಯಿತು. ನವೆಂಬರ್ ಹದಿನಾರು, ಸೋಮವಾರ, ಹದಿಮೂರು ಜನರ ಹಂಗಾಮಿ ಸಂಪುಟವೊಂದು ಪ್ರಮಾಣವಚನ ಸ್ವೀಕರಿಸಿತು. ಪ್ರಧಾನಿ ಒಬ್ಬ ನಿವೃತ್ತ ನ್ಯಾಯಾಧೀಶೆ, ಶ್ರೀಮತಿ ಲಂಕೋಂದೆ. ಪಕ್ಷಗಳು ಕುಳಿತು ಒಪ್ಪಂದಕ್ಕೆ ಬರುವವರೆಗೆ ದಿನನಿತ್ಯದ ಕೆಲಸಗಳನ್ನು ಸಾಗಿಸುವುದು, ಹೊಸ ಯೋಜನೆಗೆ ಕೈ ಹಾಕದಿರುವುದು, ಹಳೆಯ ಅನ್ಯಾಯಗಳಲ್ಲಿ ಸುಲಭವಾದವನ್ನು ಸರಿಪಡಿಸುವುದು: ಇಷ್ಟೇ ಅವರ ಅಧಿಕಾರದ ವ್ಯಾಪ್ತಿ.

ಮಂಗಳವಾರ ತೋಯೆಗೆ ಒಂದು ಸಂಕಟ ಎದುರಾಯಿತು. ನಾಮಫಲಕ ಮಾಡುವ ಬಡಗಿ ಗದ್ದಲಕ್ಕೆ ಹೆದರಿ ಅಂಗಡಿ ಮುಚ್ಚಿ ಊರಿಗೆ ಹೋಗಿದ್ದ. ಶಿಷ್ಟಾಚಾರ ಅಧಿಕಾರಿ ಸನೂ ತಲೆ ಹಿಡಿದುಕೊಂಡು ಕುಳಿತರು. ಆಗ ತೋಯೆ ಹಳೆಯ ಮಂತ್ರಿಗಳ ಫಲಕಗಳನ್ನು ಪೆಟ್ಟಿಗೆಯಿಂದ ತೆಗೆದು, ಹಿಂಬದಿಯನ್ನು ಉಜ್ಜಿ, ತಾನೇ ಬಿಳಿಯ ಬಣ್ಣದಲ್ಲಿ ಹದಿಮೂರು ಹೊಸ ಹೆಸರುಗಳನ್ನು ಬರೆದ. ಕೈಬರಹ ಅಚ್ಚಿನಂತೆ ನೇರವಾಗಿತ್ತು. ಆದರೆ ಎದುರಿನವರಿಗೆ ಹೊಸ ಹೆಸರು ಕಾಣುವಂತೆ ಇಟ್ಟಾಗ, ಪ್ರತಿ ಮಂತ್ರಿಯೂ ತನ್ನ ಕಡೆಗಿರುವ ಮುಖದಲ್ಲಿ ಹಿಂದಿನವನ ಹೆಸರನ್ನು ನೋಡುತ್ತ ಕೂರಬೇಕಾಗಿತ್ತು.

“ಇರಲಿ ಬಿಡಪ್ಪ,” ಎಂದಿದ್ದರು ಪ್ರಧಾನಿ ಮೊದಲ ದಿನ ಅದನ್ನು ಕಂಡು. “ನಾವೆಷ್ಟು ದಿನ ಇರ್ತೀವಿ ಅಂತ ನೆನಪಿಸೋಕೆ ಒಂದು ವಸ್ತು ಬೇಕಲ್ಲ.”

ಆ ಮೊದಲ ಸಭೆ ನವೆಂಬರ್ ಹದಿನೆಂಟು, ಬುಧವಾರ. ಎಲ್ಲರಿಗಿಂತ ಮುಂಚೆ, ಒಂಬತ್ತಕ್ಕೆ ಬಾಗಿಲು ತೆರೆದ ಕೂಡಲೇ, ಬಂದವರು ಸರ್ಕಾರಿ ನೌಕರರ ಖಾತೆಯ ಮಂತ್ರಿ ಜೋನಾಸ್ ತಪ್ಸೋಬಾ. ಅರವತ್ತೇಳು ವಯಸ್ಸಿನ ನಿವೃತ್ತ ಭೂಗೋಳದ ಮೇಷ್ಟ್ರು. ದಪ್ಪ ಕನ್ನಡಕ, ಕೈಮಗ್ಗದ ಪಟ್ಟೆಪಟ್ಟೆಯ ಅಂಗಿ, ಕಂಕುಳಲ್ಲಿ ಸವೆದ ಚರ್ಮದ ಚೀಲ. ಮೊಸ್ಸಿ ಜನದವರು. ತೋಯೆಯ ಎದೆಯ ಮೇಲಿನ ಹೆಸರಿನ ಚೀಟಿಯನ್ನು ಕನ್ನಡಕ ಎತ್ತಿ ಓದಿ, ಅವರ ಮುಖ ಅರಳಿತು.

“ತೋಯೆ! ಅಯ್ಯೋ ದೇವರೇ, ಮಾಂಸದ ಅಂಗಡಿ ಬಾಗಿಲಿಗೆ ಸಾಮೊನ್ನ ಕಾವಲು ನಿಲ್ಸಿದಾರಲ್ಲಪ್ಪಾ! ಲೇ ನನ್ನ ಆಳೇ, ಈ ಅಂಗಳದಲ್ಲಿ ಒಂದು ನಾಯೀನೂ ಕಾಣ್ತಿಲ್ಲ. ಎಲ್ಲಾ ಮುಗಿಸಿಬಿಟ್ಯಾ?”

ತೋಯೆಯ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಮೂರು ಉತ್ತರ ಬಂದಿದ್ದವು. ಆತ ಅವನ್ನು ನುಂಗಿಕೊಂಡು, ಬೆನ್ನು ನೆಟ್ಟಗೆ ಮಾಡಿ, ತಲೆ ಬಾಗಿಸಿದ.

“ನಮಸ್ಕಾರ, ಮಂತ್ರಿಗಳೇ. ದಯವಿಟ್ಟು ಒಳಗೆ ಬನ್ನಿ.”

ತಪ್ಸೋಬಾ ಅವರು ಇನ್ನೊಂದು ಮಾತಿಗಾಗಿ ಕಾದಂತೆ ಅರೆಗಳಿಗೆ ನಿಂತು, ಒಳಗೆ ಹೋದರು.

ಅಂದಿನ ಸಭೆಯಲ್ಲೇ ಪ್ರಧಾನಿ ನಲವತ್ತೆರಡು ದಾದಿಯರ ಕಡತವನ್ನು ಕೈಗೆತ್ತಿಕೊಂಡರು. ವಜಾ ಆದೇಶವನ್ನು ರದ್ದುಪಡಿಸಲು ಅಡ್ಡಿಯಿಲ್ಲ, ಆದರೆ ಸಂಬಂಧಪಟ್ಟ ಮಂತ್ರಿ ಕಡತ ಓದಿ ಸಭೆಯ ಮುಂದಿಡಬೇಕು ಎಂದು ತೀರ್ಮಾನವಾಯಿತು. ಸಂಬಂಧಪಟ್ಟ ಮಂತ್ರಿ ತಪ್ಸೋಬಾ. ಸಂಜೆಯ ರೇಡಿಯೊ ವಾರ್ತೆಯಲ್ಲಿ ಇದನ್ನು ಕೇಳಿದ ಅಪೊಲಿನ್ ಎದ್ದುಹೋಗಿ, ತಿಂಗಳ ಸರದಿಗೆ ಇನ್ನೂ ಹನ್ನೆರಡು ದಿನ ಇರುವಾಗಲೇ ಬಿಳಿಯ ಕೋಟನ್ನು ನೀರಿನಲ್ಲಿ ನೆನೆಹಾಕಿದಳು. ವಜಾ ಆಗಿ ಅಂದಿಗೆ ಏಳು ವರ್ಷ ಏಳು ತಿಂಗಳು ಹನ್ನೊಂದು ದಿನ.

ನವೆಂಬರ್ ಇಪ್ಪತ್ತೈದರಂದು ತಪ್ಸೋಬಾ ಅವರು ಜೇಬಿನಿಂದ ಒಂದು ಕೋಲಾ ಕಾಯಿ, ಅಲ್ಲಿನವರು ನಂಟಿನ ಗುರುತಾಗಿ ಹಂಚಿಕೊಂಡು ಅಗಿಯುವ ಕಹಿ ಬೀಜ, ತೆಗೆದು ತೋಯೆಯ ಮುಂದೆ ಹಿಡಿದರು.

“ತಗೋ. ಸಾಮೊಗಳಿಗೆ ಹಲ್ಲು ಗಟ್ಟಿ ಅಂತಾರೆ, ಮೂಳೆ ಕಡಿದೂ ಕಡಿದೂ. ಏನೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ಬೀಗದ ಕೈ ಯಾವ ನಾಯಿ ಹೊಟ್ಟೇಲಿದೆ?”

ಕರ್ತವ್ಯದಲ್ಲಿರುವ ದಫೇದಾರ ಏನನ್ನೂ ಸ್ವೀಕರಿಸುವಂತಿಲ್ಲ. ತೋಯೆ ಬಿಳಿಯ ಕೈಗವಸಿನ ಎರಡು ಕೈಗಳನ್ನೂ ಹಿಂದೆ ಕಟ್ಟಿಕೊಂಡು, ‘ದಯವಿಟ್ಟು ಒಳಗೆ ಬನ್ನಿ’ ಎಂದ. ಕೋಲಾ ಕಾಯಿ ಜೇಬಿಗೆ ಮರಳಿತು. ಡಿಸೆಂಬರ್ ಎರಡರಂದು ತಪ್ಸೋಬಾ ಅವರು ಬಂದಾಗ ತೋಯೆಯ ಕಡೆಗೆ ನೋಡಲಿಲ್ಲ. ಬಾಗಿಲನ್ನು ತಾವೇ ತಳ್ಳಿಕೊಂಡು ಒಳಗೆ ಹೋದರು. ಆತನಿಗೆ ಅದರಿಂದ ಒಂದು ಬಗೆಯ ಸಮಾಧಾನವೇ ಆಯಿತೆನ್ನಬೇಕು. ಮಂತ್ರಿಗಳಿಗೆ ಕೊನೆಗೂ ಶಿಷ್ಟಾಚಾರ ಅರ್ಥವಾಯಿತು ಎಂದುಕೊಂಡ.

ಆದರೆ ಎರಡನೆಯ ಸಭೆಯ ಕಾರ್ಯಸೂಚಿಯಲ್ಲಿ ದಾದಿಯರ ವಿಷಯ ಇರಲಿಲ್ಲ. ಮೂರನೆಯದರಲ್ಲೂ ಇರಲಿಲ್ಲ. ಆ ಹಾಳೆಗಳನ್ನು ಮೇಜಿನ ಮೇಲೆ ಇಡುವವನೇ ತೋಯೆ. ಎರಡೂ ಸಲ ಆತ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದ್ದ. ಡಿಸೆಂಬರ್ ನಾಲ್ಕು, ಶುಕ್ರವಾರ, ಪಕ್ಷಗಳು ಒಪ್ಪಂದಕ್ಕೆ ಬಂದವು. ಡಿಸೆಂಬರ್ ಹತ್ತರಂದು ಹೊಸ ಸರ್ಕಾರಕ್ಕೆ ಅಧಿಕಾರ ಹಸ್ತಾಂತರ. ಪ್ರಮಾಣವಚನದ ದಿನವನ್ನೂ ಹಸ್ತಾಂತರದ ದಿನವನ್ನೂ ಸೇರಿಸಿ ಲೆಕ್ಕ ಹಾಕಿದರೆ ಹಂಗಾಮಿ ಸಂಪುಟದ ಆಯುಸ್ಸು ಇಪ್ಪತ್ತೈದು ದಿನ. ಉಳಿದದ್ದು ಒಂದೇ ಬುಧವಾರ, ಡಿಸೆಂಬರ್ ಒಂಬತ್ತು. ಬರಲಿರುವವರಲ್ಲಿ ಅರ್ಧದಷ್ಟು ಜನ ಅಂದು ವಜಾ ಆದೇಶಕ್ಕೆ ಕೈ ಎತ್ತಿದವರೇ.

ಡಿಸೆಂಬರ್ ಆರು, ಭಾನುವಾರ. ಚರ್ಚಿನಿಂದ ಬಂದು, ಬೇವಿನ ಮರದ ನೆರಳಿನಲ್ಲಿ ಅಪೊಲಿನ್ ಒರಳಿಗೆ ಸಜ್ಜೆ ಹಾಕಿ ಕುಟ್ಟುತ್ತಿದ್ದಳು. ಉತ್ತರದ ಒಣಗಾಳಿ ಶುರುವಾಗಿತ್ತು. ಅಂಗಳದ ಮೇಲೆಲ್ಲ ಕೆಂಪು ಧೂಳಿನ ತೆಳುಪದರ. ತೋಯೆ ಪಕ್ಕದಲ್ಲಿ ಕುಳಿತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ.

“ಕ್ಲಾರಾ ಅಪ್ಪಾ,” ಎಂದಳು ಆಕೆ. ಕ್ಲಾರಾ ಅವರ ಒಬ್ಬಳೇ ಮಗಳು, ಮದುವೆಯಾಗಿ ಬೋಬೊ ಪಟ್ಟಣದಲ್ಲಿದ್ದಾಳೆ. “ಆ ತಪ್ಸೋಬಾ ಎಂಥಾ ಮನುಷ್ಯ? ಕೆಟ್ಟವನಾ?”

“ಕೆಟ್ಟವರೇನಲ್ಲ. ಬಾಯಿ ಸ್ವಲ್ಪ ಜಾಸ್ತಿ. ಬಂದ ದಿನವೇ ನಾಯಿ ಗೀಯಿ ಅಂತ ಶುರು ಮಾಡಿದ್ರು. ಎರಡನೇ ವಾರ ಕೋಲಾ ಬೇರೆ ಹಿಡಿದ್ರು. ಈಗ ಸುಮ್ಮನಾಗಿದಾರೆ.”

ಒನಕೆ ನಡುಗಾಳಿಯಲ್ಲಿ ನಿಂತಿತು.

“ನೀನೇನಂದೆ?”

“ಏನನ್ನಲಿ? ಒಳಗೆ ಬನ್ನಿ ಅಂದೆ.”

“ಕತ್ತೆ ಅನ್ನಲಿಲ್ಲ?”

“ಅಪೊಲಿನ್, ಅವರು ಮಂತ್ರಿ.”

“ನನ್ನ ಆಳು ಅನ್ನಲಿಲ್ಲ? ಒಂದು ಸಲಾನೂ? ಕೋಲಾನೂ ತಗೊಳ್ಳಲಿಲ್ಲ?” ಆಕೆ ಒನಕೆಯನ್ನು ಒರಳಿಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ನನ್ನ ತಾಯೀ! ಮೊಸ್ಸಿ ಮುದುಕ ತಾನಾಗಿ ಬಂದು ಬಾಗಿಲು ತಟ್ಟಿದಾನೆ, ಈ ಮಹಾರಾಯ ಕಂಬದ ಹಾಗೆ ನಿಂತಿದಾನೆ! ನಗೆಗೆ ತಿರುಗಿ ನಗೆ ಆಡದೇ ಇದ್ರೆ ಏನರ್ಥ? ನೀನು ನನಗೆ ಯಾರೂ ಅಲ್ಲ ಅಂತ. ಎರಡೆರಡು ಸಲ ಹೇಳಿ ಕಳ್ಸಿದೀಯ.”

“ಅದು ನಿಯಮ.”

“ನಿನ್ನ ನಿಯಮ ಮೂವತ್ತೊಂದನೇ ತಾರೀಖು ನಿವೃತ್ತಿ ಆಗತ್ತೆ. ನಾನು ಮಾತ್ರ ಸಾಯೋವರೆಗೂ ಆ ಗೇಟಿನ ಹೊರಗೇ ನಿಂತಿರ್ತೀನಿ.” ಆಕೆಯ ದನಿ ಇಳಿಯಿತು. “ಆ ಪಟ್ಟೀಲಿ ನನ್ನ ಹೆಸರು ‘ತೋಯೆ, ಅಪೊಲಿನ್’ ಅಂತಿದೆ. ಅವನಿಗೆ ಕಣ್ಣಿಲ್ವಾ? ಯಾರ ಹೆಂಡ್ತಿ ಅಂತ ತಿಳಿದಿರತ್ತೆ. ತಿಳಿದೇ ಕಾದಿದಾನೆ. ಕೇಳಲಿ ಅಂತ ದಾರಿ ಬಿಟ್ಟುಕೊಟ್ಟಿದಾನೆ. ದಾರಿಗೆ ಬೇಲಿ ಹಾಕಿದೋನು ನೀನು.”

ತೋಯೆ ಪಾಲಿಶ್ ಮುಗಿದಿದ್ದ ಬೂಟಿಗೇ ಮತ್ತೊಮ್ಮೆ ಪಾಲಿಶ್ ಹಚ್ಚಿದ. ಮೂವತ್ತು ವರ್ಷ ತಾನು ಮರ್ಯಾದೆ ಎಂದು ತಿಳಿದು ಮಾಡಿದ ಕೆಲಸ ಇನ್ನೊಬ್ಬರ ಮನೆಯ ಬಾಗಿಲಿಗೆ ಅವಮಾನವಾಗಿ ತಲುಪಿತ್ತೆ? ಎಷ್ಟು ಮೊಸ್ಸಿ ಮಂತ್ರಿಗಳು ಆ ಬಾಗಿಲಲ್ಲಿ ಮೊದಲ ದಿನ ನಕ್ಕು, ಎರಡನೆಯ ವಾರದಿಂದ ಮುಖ ತಿರುಗಿಸಿದ್ದರು ಎಂದು ಎಣಿಸಲು ಹೋದ. ಹನ್ನೊಂದಕ್ಕೆ ನಿಲ್ಲಿಸಿದ.

ಡಿಸೆಂಬರ್ ಒಂಬತ್ತು, ಬುಧವಾರ. ತೋಯೆ ಎಂದಿನಂತೆ ಏಳಕ್ಕೆ ಬಂದು ಹದಿಮೂರು ಫಲಕಗಳನ್ನಿಟ್ಟ. ಕಾರ್ಯಸೂಚಿಯಲ್ಲಿ ಏಳು ವಿಷಯಗಳಿದ್ದವು, ದಾದಿಯರದ್ದು ಇರಲಿಲ್ಲ. ಎಂಟೂವರೆಯಿಂದ ಮಂತ್ರಿಗಳು ಒಬ್ಬೊಬ್ಬರಾಗಿ ಬಂದು, ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತ ನಿಂತರು. ಪ್ರಧಾನಿ ಎಂಟೂ ಐವತ್ತಕ್ಕೆ ಬಂದರು. ತಪ್ಸೋಬಾ ಅವರು ಎಲ್ಲರಿಗಿಂತ ಕೊನೆಗೆ, ಎಂಟೂ ಐವತ್ತಾರಕ್ಕೆ, ಕಂಕುಳಲ್ಲಿ ಅದೇ ಚೀಲ ಇಟ್ಟುಕೊಂಡು ಮೆಟ್ಟಿಲು ಹತ್ತಿದರು.

“ಬಾಗಿಲು ತೆಗಿ, ತೋಯೆ,” ಎಂದರು ಸನೂ, ಗಡಿಯಾರ ನೋಡುತ್ತ.

ತೋಯೆ ಬಿಳಿಯ ಕೈಗವಸುಗಳನ್ನು ಬಿಚ್ಚಿ, ಮಡಿಸಿ, ಕೋಟಿನ ಜೇಬಿನಲ್ಲಿಟ್ಟುಕೊಂಡ. ಬಾಗಿಲ ಎರಡೂ ರೆಕ್ಕೆಗಳನ್ನು ಪೂರ್ತಿ ತೆರೆದ. ಆಮೇಲೆ, ಕೋಟು ಸರಪಳಿ ಸಮೇತ, ಹೊಸ್ತಿಲಿಗೆ ಅಡ್ಡವಾಗಿ, ಉದ್ದಕ್ಕೆ, ಅಂಗಾತ ಮಲಗಿಬಿಟ್ಟ.

ಮೊಗಸಾಲೆಯಲ್ಲಿ ಒಂದು ಕಾಫಿಯ ಲೋಟ ತಟ್ಟೆಗೆ ತಗುಲಿ ಸದ್ದಾಯಿತು.

“ಅಯ್ಯಯ್ಯೋ!” ಎಂದು ತೋಯೆ ದನಿ ತೆಗೆದ. ತೋಮಾದ ಸಾವಿನ ಮನೆಗಳಲ್ಲಿ ಆತನ ಅಜ್ಜ ತೆಗೆಯುತ್ತಿದ್ದ ದನಿ ಅದು. ಅದು ತನ್ನೊಳಗೆ ಇನ್ನೂ ಇದೆಯೆಂದು ಆತನಿಗೇ ಗೊತ್ತಿರಲಿಲ್ಲ. “ಅಯ್ಯೋ, ನನ್ನ ಆಳು ಸಾಯ್ತಾ ಇದಾನಲ್ಲಪ್ಪೋ! ನಾಳೆ ಹತ್ತು ಗಂಟೆಗೆ ನನ್ನ ತಪ್ಸೋಬಾ ಸಾಯ್ತಾನಲ್ಲಪ್ಪೋ! ಇಪ್ಪತ್ತೈದು ದಿನದ ಕೂಸು! ಇನ್ನೂ ಹಲ್ಲು ಬಂದಿರಲಿಲ್ಲ! ನನ್ನ ಹೊಲಕ್ಕೆ ಯಾರು ಹೋಗ್ತಾರೆ, ನನಗೆ ನೀರು ಯಾರು ಸೇದ್ತಾರೆ, ನನ್ನ ಕತ್ತೇನ ಕದ್ದು ಯಾರು ತಿಂತಾರೆ!”

“ತೋಯೆ!” ಸನೂ ಅವರ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. “ಏಳು! ಬುದ್ಧಿ ಕೆಟ್ಟಿದೆಯಾ? ಯಾರ್ರೀ ಅಲ್ಲಿ, ಇವನನ್ನ ಎತ್ರಿ!”

“ಎತ್ತಬೇಡ್ರಿ, ಎತ್ತಬೇಡ್ರಿ,” ಎಂದರು ಮೊಸ್ಸಿಯೇ ಆದ ರಸ್ತೆ ಖಾತೆಯ ಮಂತ್ರಿ, ಹೊಟ್ಟೆ ಹಿಡಿದುಕೊಂಡು. “ಸಾಮೊ ಮಲಗಿದ ಮೇಲೆ ಅವನ ಆಳೇ ಎಬ್ಬಿಸಬೇಕು. ಬೇರೆಯವರು ಮುಟ್ಟಿದ್ರೆ ನಾವೆಲ್ಲ ದಂಡ ತೆರಬೇಕಾಗತ್ತೆ.”

ಎಲ್ಲರೂ ತಪ್ಸೋಬಾ ಅವರ ಕಡೆಗೆ ತಿರುಗಿದರು. ಅವರು ನಗಲಿಲ್ಲ. ದಪ್ಪ ಕನ್ನಡಕದ ಹಿಂದಿನಿಂದ, ಕೆಳಗೆ ಬಿದ್ದಿದ್ದ ಮನುಷ್ಯನನ್ನು ಸುಮ್ಮನೆ ನೋಡುತ್ತ ನಿಂತರು. ತೋಯೆಗೆ ಛಾವಣಿಯ ಬೀಸಣಿಗೆಯೂ ಆ ಮುಖವೂ ಮಾತ್ರ ಕಾಣುತ್ತಿದ್ದವು. ಉತ್ತರ ಬಾರದ ನಗೆ ಎಷ್ಟು ಉದ್ದವಾಗಿರುತ್ತದೆ ಎಂಬುದನ್ನು ಆತ ಅಂದು ಬೆನ್ನಿನ ಕೆಳಗಿನ ತಣ್ಣನೆಯ ಕಲ್ಲಿನ ಮೂಲಕ ಅರಿತ. ಒಂಬತ್ತು ಹೊಡೆಯಿತು. ಗಡಿಯಾರದ ಒಂಬತ್ತು ಏಟುಗಳನ್ನೂ ಆತ ಎಣಿಸಿದ.

“ಲೇ ನಾಯಿ ತಿನ್ನೋನೇ,” ಎಂದರು ತಪ್ಸೋಬಾ ಕೊನೆಗೆ. “ಈಗ ನೆನಪಾಯ್ತಾ ನಿನಗೆ ಆಳೊಬ್ಬ ಇದಾನೆ ಅಂತ? ಮೂರು ವಾರ ಆಯ್ತು ನಾನು ನಿನ್ನ ಬಾಗಿಲಿಗೆ ಬಂದು ಬಂದು. ಕಂಬ ಕೂಡ ಒಂದು ಸಲ ಕಿರ್ ಅಂತಿತ್ತು.”

ತೋಯೆ ಮಲಗಿದಲ್ಲೇ ಕತ್ತೆತ್ತಿದ. “ಕತ್ತೆ ತಿಂದ ಬಾಯಿ ಹತ್ರ ಮಾತಾಡೋದಕ್ಕೆ ಮೂಗು ಒಪ್ಪಬೇಕಲ್ಲ, ಮಂತ್ರಿಗಳೇ.”

“ಮಂತ್ರಿಗಳೇ ಅಂತೆ! ಆಳನ್ನ ಯಾರಾದ್ರೂ ಹಾಗೆ ಕರೀತಾರೇನೋ?”

“ಹಾಗಾದ್ರೆ ಕೇಳೋ, ಮೊಸ್ಸಿ. ನೀನು ಸತ್ತಿದೀಯ. ಹೆಣ ಈ ಹೊಸ್ತಿಲು ದಾಟಬೇಕಾದ್ರೆ ನನ್ನ ಪಾಲು ನನಗೆ ಬರಬೇಕು.”

“ಏನು ಬೇಕು? ನಾಯಿ ತಲೇನಾ?”

ನಗೆಯೇಳಬೇಕಾಗಿದ್ದ ಆ ಜಾಗದಲ್ಲಿ ತೋಯೆಯ ದನಿ ತಗ್ಗಿತು. ಮಲಗಿದಲ್ಲಿಂದಲೇ ಹೇಳಿದ: “ನಲವತ್ತೆರಡು ಹೆಂಗಸರು. ಅದರಲ್ಲಿ ಒಬ್ಬಳು ಏಳು ವರ್ಷದಿಂದ ಒಂದು ಗೇಟಿನ ಹೊರಗೆ ನಿಂತಿದಾಳೆ. ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ತಪ್ಪು ನಂದು, ಅವಳದಲ್ಲ.”

ತಪ್ಸೋಬಾ ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಆಮೇಲೆ ಚರ್ಮದ ಚೀಲವನ್ನು ತೆರೆದು ಹಸಿರು ದಾರ ಕಟ್ಟಿದ ಕಡತವೊಂದನ್ನು ಹೊರಗೆಳೆದರು. ಅಂಚುಗಳು ಮಡಿಚಿಹೋಗಿದ್ದವು.

“ಹದಿನೆಂಟನೇ ತಾರೀಖಿಂದ ಹೊತ್ಕೊಂಡು ತಿರುಗ್ತಾ ಇದೀನಿ. ಓದಿ ಮುಗಿಸಿದ್ದು ಹತ್ತೊಂಬತ್ತಕ್ಕೆ. ರುಜು ಹಾಕಿದ್ದು ಇಪ್ಪತ್ತಕ್ಕೆ.” ಅವರು ಪ್ರಧಾನಿಯವರ ಕಡೆಗೆ ಅರೆ ತಿರುಗಿದರು. “ಅಮ್ಮಾ, ನನ್ನನ್ನ ಬಯ್ಯಿರಿ. ಉಳಿದ ನಲವತ್ತೊಂದು ಜನರ ಕೆಲಸ ಒಬ್ಬನ ಮೇಲಿನ ಮುನಿಸಿಗೆ ನಿಲ್ಲಿಸಬಾರದಾಗಿತ್ತು. ನನ್ನನ್ನ ನಂಟ ಅಂತ ಒಪ್ಪದೇ ಇರೋನ ಮನೆ ವಿಷಯಕ್ಕೆ, ಅವನು ಕೇಳದೇ, ಹೇಗೆ ಕೈ ಹಾಕಲಿ ಅಂದ್ಕೊಂಡೆ. ಪ್ರತಿ ಬುಧವಾರ ತಂದೆ. ಪ್ರತಿ ಬುಧವಾರ ವಾಪಸ್ ತಗೊಂಡು ಹೋದೆ.”

“ಬಯ್ಯೋದಕ್ಕೆ ಹೊತ್ತಿಲ್ಲ,” ಎಂದರು ಶ್ರೀಮತಿ ಲಂಕೋಂದೆ. “ನಾಳೆ ನಾವೆಲ್ಲ ಸಾಯ್ತೀವಂತೆ, ಕೇಳಿಲ್ವಾ? ಎಂಟನೇ ವಿಷಯ ಅಂತ ಬರ್ಕೊಳ್ಳಿ. ಅಲ್ಲ, ಮೊದಲನೇದು ಅಂತ ಬರ್ಕೊಳ್ಳಿ. ನೀವಿಬ್ರೂ ಮುಗಿಸಿದ್ರೆ ನಾನು ಒಳಗೆ ಹೋಗಬಹುದಾ?”

ತಪ್ಸೋಬಾ ಅವರು ಬಗ್ಗಿ ಕೈ ಕೊಟ್ಟರು. ಅದೇ ಕೈಯಲ್ಲಿ ಕೋಲಾ ಕಾಯಿಯಿತ್ತು. ಒಣಗಿ ಸುಕ್ಕುಗಟ್ಟಿದ್ದರೂ ಅದೇ ಕಾಯಿ. ತೋಯೆ ಎದ್ದುನಿಂತು, ಅದನ್ನು ಎರಡಾಗಿ ಮುರಿದು, ಒಂದು ಹೋಳನ್ನು ಅವರಿಗೆ ಮರಳಿ ಕೊಟ್ಟು, ಇನ್ನೊಂದನ್ನು ಕರ್ತವ್ಯದಲ್ಲಿರುವಾಗಲೇ ಬಾಯಿಗೆ ಹಾಕಿಕೊಂಡ. ತರುವಾಯ ಕೈಗವಸು ತೊಟ್ಟು, ಬೆನ್ನು ನೆಟ್ಟಗೆ ಮಾಡಿ, ಒಂದು ಕೆನ್ನೆ ಉಬ್ಬಿಸಿಕೊಂಡೇ ಹೇಳಿದ: “ದಯವಿಟ್ಟು ಒಳಗೆ ಬನ್ನಿ.”

ವಜಾ ಆದೇಶ ರದ್ದಾದದ್ದು ಅಂದು ಬೆಳಗ್ಗೆ ಒಂಬತ್ತೂ ಇಪ್ಪತ್ತೆರಡಕ್ಕೆ. ಮರುದಿನ, ಡಿಸೆಂಬರ್ ಹತ್ತು, ಗುರುವಾರ, ಹದಿಮೂರು ಮಂತ್ರಿಗಳೂ ಹೊಸಬರಿಗೆ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಹೋದರು. ಬಡಗಿ ಊರಿನಿಂದ ಮರಳಿದ್ದ. ಮೇಜಿನ ಮೇಲೆ ಹೊಳೆಯುವ ಹೊಸ ಫಲಕಗಳು ಬಂದವು. ಎರಡು ಮುಖದ ಹಳೆಯ ಫಲಕಗಳನ್ನು ತೋಯೆ ಪೆಟ್ಟಿಗೆಗೆ ಹಾಕಿದ. ಹದಿಮೂರರಲ್ಲಿ ಹನ್ನೆರಡನ್ನು. ಹದಿಮೂರನೆಯದನ್ನು ತಪ್ಸೋಬಾ ಅವರು ಚರ್ಮದ ಚೀಲದಲ್ಲಿ ಇಟ್ಟುಕೊಂಡು ಹೋಗುವಾಗ ಆತ ಬೇರೆ ಕಡೆಗೆ ನೋಡುತ್ತಿದ್ದ.

ಡಿಸೆಂಬರ್ ಹದಿನಾಲ್ಕು, ಸೋಮವಾರ, ಸನೂ ಅವರು ಆತನನ್ನು ಕರೆಸಿ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ‘ಕರ್ತವ್ಯದ ವೇಳೆಯಲ್ಲಿ, ಸಮವಸ್ತ್ರದಲ್ಲಿ, ಸಭಾಂಗಣದ ದ್ವಾರದಲ್ಲಿ ಶಯನಿಸಿದ್ದಕ್ಕಾಗಿ.’ ಮೂವತ್ತು ವರ್ಷಗಳಲ್ಲಿ ಆತನ ಸೇವಾ ಪುಸ್ತಕಕ್ಕೆ ಸೇರಿದ ಮೊದಲ ಕಲೆ.

“ನಾನು ಬರೀಲೇಬೇಕಾಗಿತ್ತು,” ಎಂದರು ಸನೂ, ನೆಲ ನೋಡುತ್ತ.

“ಬರೀದೇ ಇದ್ದಿದ್ರೆ ನಾನೇ ಬೇಜಾರು ಮಾಡ್ಕೊಳ್ತಿದ್ದೆ, ಸಾಹೇಬ್ರೇ,” ಎಂದ ತೋಯೆ. ಮನಸಾರೆ ಹೇಳಿದ. “ಆದ್ರೆ ವೇಳೆ ತಪ್ಪು ಬಿದ್ದಿದೆ. ಒಂಬತ್ತಕ್ಕೆ ಅಂತಿದೆ. ನಾನು ಮಲಗಿದ್ದು ಎಂಟೂ ಐವತ್ತೇಳಕ್ಕೆ.” ಸನೂ ಅದನ್ನು ತಿದ್ದಿ, ತಿದ್ದಿದ ಕಡೆ ರುಜು ಹಾಕಿದರು.

ಡಿಸೆಂಬರ್ ಮೂವತ್ತೊಂದು, ಗುರುವಾರ, ಸರಪಳಿ, ಕೋಟು, ಎರಡು ಜೊತೆ ಕೈಗವಸು ಒಪ್ಪಿಸಿ ಆತ ಮನೆಗೆ ಬಂದ.

ಜನವರಿ ನಾಲ್ಕು, ಸೋಮವಾರ. ಅಪೊಲಿನ್‌ಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ತೋಯೆ ಆಸ್ಪತ್ರೆಯ ಗೇಟಿಗೆ ಬಂದಾಗ ಏಳಕ್ಕೆ ಹತ್ತು ನಿಮಿಷ. ಧೂಳಿನ ಚಳಿ. ಬಿಳಿಯ ಕೋಟಿನ ಮೇಲೆ ಶಾಲು ಹೊದ್ದಿದ್ದ ಆಕೆ ಇಳಿದು, ಗೇಟಿನ ಕಂಬಿಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ, ಶಾಲನ್ನು ಗಂಡನ ಕೈಗೆ ಕೊಟ್ಟು, ದಾಟಿ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ನೋಡುವಳೆಂದು ತೋಯೆ ಎಣಿಸಿರಲೂ ಇಲ್ಲ. ಆದರೂ ಆತ ಹೊರಡಲಿಲ್ಲ; ಶಾಲನ್ನು ತೋಳಿನ ಮೇಲೆ ಮಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗೇಟಿನ ಪಕ್ಕ ನಿಂತ.

ಗೇಟು ಕಾಯುವವನು ಮೊಸ್ಸಿ ಮುದುಕ. ಎಂಟು ಗಂಟೆಯವರೆಗೆ ನೋಡಿದ. ಆಮೇಲೆ ತಡೆಯಲಾರದೆ ಕೇಳಿದ.

“ಯಾರಯ್ಯ ನೀನು? ಯಾವ ಊರು?”

“ತೋಯೆ. ತೋಮಾ ಕಡೆಯವನು.”

“ಸಾಮೊ! ಅದಕ್ಕೇ ನೋಡಿದೆ, ಬೆಳಗಿಂದ ನಮ್ಮ ಆಸ್ಪತ್ರೆ ನಾಯಿ ಮಂಚದ ಕೆಳಗಿಂದ ಈಚೆಗೇ ಬಂದಿಲ್ಲ!”

ತೋಯೆ ಗಂಟಲು ಸರಿಮಾಡಿಕೊಂಡ. ಆತನಿಗೆ ಈಗ ಹೊಸ್ತಿಲಿರಲಿಲ್ಲ, ಸರಪಳಿಯಿರಲಿಲ್ಲ. ಆಡದೆ ಉಳಿದ ಮಾತುಗಳು ಮಾತ್ರ ಬೇಕಾದಷ್ಟಿದ್ದವು. ಆತ ಮುದುಕನ ಅಜ್ಜನಿಂದ ಶುರುಮಾಡಿದ. ಆ ಅಜ್ಜನನ್ನು ತೋಯೆಯ ಅಜ್ಜ ಸಂತೆಯಲ್ಲಿ ಅರ್ಧ ಮಡಕೆ ಜೋಳದ ಹೆಂಡಕ್ಕೆ ಕೊಂಡದ್ದು, ಮನೆಗೆ ಬಂದು ನೋಡಿದರೆ ಹೆಂಡವೇ ಹೆಚ್ಚು ಬೆಲೆಯದೆಂದು ತಿಳಿದು ಅತ್ತದ್ದು, ಹಿಂದಿರುಗಿಸಲು ಹೋದರೆ ಮೊಸ್ಸಿಗಳು ಬಾಗಿಲು ಹಾಕಿಕೊಂಡದ್ದು. ಮುದುಕ ಕುರ್ಚಿಯಿಂದ ಎದ್ದು ತಿರುಗೇಟು ಕೊಟ್ಟ. ತರಕಾರಿ ಮಾರುವವಳು ಬುಟ್ಟಿ ಇಳಿಸಿ ನಿಂತಳು. ಬಸುರಿಯರ ಗಂಡಂದಿರು, ಅತ್ತೆಯರು ಸುತ್ತ ಸೇರಿದರು. ನಗೆ ಗೋಡೆ ದಾಟಿ ಒಳಗೆ ಹೋಯಿತು.

ಒಂಬತ್ತೂ ಇಪ್ಪತ್ತಕ್ಕೆ ಹೆರಿಗೆ ಕೋಣೆಯ ಕಿಟಕಿ ಧಡಾರನೆ ತೆರೆದುಕೊಂಡಿತು. ಬಿಳಿಯ ಕೋಟಿನ ತೋಳುಗಳನ್ನು ಮೊಣಕೈಯವರೆಗೆ ಮಡಿಸಿಕೊಂಡಿದ್ದ ಅಪೊಲಿನ್ ತಲೆ ಹೊರಗೆ ಹಾಕಿದಳು.

“ಕ್ಲಾರಾ ಅಪ್ಪಾ! ಇಲ್ಲಿ ಮಗು ಬರೋ ಹೊತ್ತು. ಸ್ವಲ್ಪ ಬಾಯಿ ಮುಚ್ಕೊಂಡು ನಿಂತ್ಕೋತೀಯಾ?”